ಕಾಫಿ ಕುಡಿಯೋರು ಕಾಣ್ತಾರೆ, ಕುಯ್ಯೋರು ಎಲ್ಲಿ?

(ಆಲೂರಿನಲ್ಲಿ ಹಾಸ್ಟೆಲ್ ಗೆಳೆಯ ಗೆಳತಿಯರ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನೇ ಆಮೇಲೆ ಕೂತು ಬರೆದಿದ್ದೇನೆ. ಆಡುಮಾತು ಅಲ್ಲಲ್ಲಿ ಹಾಗೇ ಉಳಿದಿದೆ.)



ನನ್ನನ್ನು ನೀವು ಕರೆದದ್ದು ಕವಿತೆ ಓದಲಿಕ್ಕೆ. ಆದರೆ ನಿನ್ನೆ ರಾತ್ರಿ ಈ ಹಾಸ್ಟೆಲಿನಲ್ಲಿ ನಡೆದ ಜಗಳ ಕೇಳಿದ ಮೇಲೆ ಕವಿತೆಯ ಹಾಳೆಗಳನ್ನು ಮಡಿಸಿ ಜೇಬಿಗೆ ಇಟ್ಟುಕೊಂಡಿದ್ದೇನೆ. ನಿನ್ನೆ ನನಗೆ ಕಡೇ ಬಸ್ಸು ತಪ್ಪಿತು. ಮಗ್ಗೆ ಕಡೆ ಆನೆ ಇಳಿದಿವೆ ಅಂತ ಅರಣ್ಯ ಇಲಾಖೆಯ ಸಂದೇಶ ಎಲ್ಲರ ಮೊಬೈಲಿಗೂ ಬಂದಿತ್ತು. ಹೊರಗೆ ಹೋಗೋ ಹಾಗಿಲ್ಲ. ಇಲ್ಲೇ ನೆಲದ ಮೇಲೆ ಚಾಪೆ ಹಾಸಿಕೊಂಡು ನಿಮ್ಮ ಹುಡುಗರ ಜೊತೆ ಮಲಗಿದೆ. ಮಲಗಿದೆ ಅಂತ ಹೇಳೋದೇ ತಪ್ಪು. ರಾತ್ರಿ ಎರಡು ಗಂಟೆಯವರೆಗೆ ಯಾರೂ ಮಲಗಲಿಲ್ಲ.

ಜಗಳ ಏನು ಅಂದರೆ, 2013ರಿಂದ 2022ರವರೆಗಿನ ಹತ್ತು ವರ್ಷದಲ್ಲಿ ಬಂದ ಪಿಕ್ಚರುಗಳಲ್ಲಿ ಯಾವುದು ಶ್ರೇಷ್ಠ? ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹೆಸರು ಬರೆದು ಓಟು ಹಾಕಿದರು. ಕೆಜಿಎಫ್ ಗೆದ್ದಿತು. ಕಾಂತಾರ ಎರಡನೆಯದು. ತಮಿಳಿನ ಪರಿಯೇರುಂ ಪೆರುಮಾಳ್‌ಗೆ ಒಂದಷ್ಟು ಗೀಟು ಬಿದ್ದವು. ತಿಥಿಗೆ ಮೂರೋ ನಾಲ್ಕೋ. ಮರಾಠಿಯ ಫಾಂಡ್ರಿಗೆ ಬಿದ್ದದ್ದು ಒಂದೇ ಓಟು, ಅದು ನನ್ನದು. ಹುಡುಗರು ನಕ್ಕರು. "ಕವಿಗಳು ಯಾರೂ ನೋಡದಿರೋ ಪಿಕ್ಚರಿಗೇ ಓಟಾಕೋದು" ಅಂದ ಒಬ್ಬ.

ನಗಲಿ. ಆದರೆ ಆ ಬಾಗಿಲ ಹಿಂದಿನ ಪಟ್ಟಿ ನಗೆಯಾಟದ್ದಲ್ಲ. ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪತ್ರಿಕೆಯವರು ಮಾಡುತ್ತಾರೆ, ಪ್ರಶಸ್ತಿ ಸಮಿತಿಯವರು ಮಾಡುತ್ತಾರೆ, ಚಿತ್ರೋತ್ಸವದವರು ಮಾಡುತ್ತಾರೆ. ಹಾಸ್ಟೆಲಿನ ಹುಡುಗರನ್ನು ಇವತ್ತಿನವರೆಗೆ ಯಾರಾದರೂ ಕೇಳಿದ್ದಾರಾ? ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂತು ಸೀಟಿ ಹೊಡೆಯುವವರು ನಾವು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡುವವರು ಬೇರೆಯವರು. ಹಾಗಾಗಿ ನಿಮ್ಮ ಸೀಮೆಸುಣ್ಣದ ಪಟ್ಟಿಯ ಮೇಲೆ ನನಗೆ ಗೌರವವಿದೆ. ಗೌರವ ಇರುವುದರಿಂದಲೇ ಅದರ ಜೊತೆ ಜಗಳಕ್ಕೆ ನಿಂತಿದ್ದೇನೆ.

ಮೊದಲು ನಮ್ಮ ಊರಿನಿಂದ ಶುರುಮಾಡೋಣ. ಸಕಲೇಶಪುರದ ಮಳೆ ಇಡೀ ಕರ್ನಾಟಕದ ಕಣ್ಣಿಗೆ ಬಿದ್ದದ್ದು 2006ರ ಮುಂಗಾರು ಮಳೆಯಿಂದ. ಬೆಂಗಳೂರಿನಲ್ಲಿ ವರ್ಷಕ್ಕೂ ಮೇಲೆ ಓಡಿದ ಪಿಕ್ಚರು ಅದು. ನಿಮ್ಮಲ್ಲಿ ಕೆಲವರು ಆಗ ಹುಟ್ಟಿರಲೂ ಇಲ್ಲ. ಅದಾದ ಮೇಲೆ ಕ್ಯಾಮೆರಾ ಹೊತ್ತ ವ್ಯಾನುಗಳು ನಮ್ಮ ಗುಡ್ಡಗಳಿಗೆ ಮತ್ತೆ ಮತ್ತೆ ಹತ್ತಿಬಂದವು. ಮಂಜು, ಹೊಳೆ, ಹಸಿರು ತೋಟ, ಹೆಂಚಿನ ಬಂಗಲೆ, ಬಂಗಲೆಯ ಜಗಲಿಯಲ್ಲಿ ಹೊಗೆಯಾಡುವ ಕಾಫಿ ಲೋಟ. ಎಲ್ಲ ಇದೆ. ಹೀರೋ ಮಳೆಯಲ್ಲಿ ನೆನೆಯುತ್ತಾನೆ, ಹಾಡು ಬರುತ್ತದೆ. ನಮ್ಮ ಮನೆಗಳಲ್ಲಿ ಮಳೆ ಅಂದರೆ ಪ್ಲಾಸ್ಟಿಕ್ ಕೊಪ್ಪೆ, ಕಾಲಿಗೆ ಹತ್ತಿದ ಇಂಬಳ, ಲೈನುಮನೆಯ ಸೋರುವ ಮೂಲೆ. ಜೋರು ಮಳೆಗೆ ಕೆಲಸ ನಿಂತರೆ ಅವತ್ತಿನ ಕೂಲಿಯೂ ನಿಂತಿತು. ಆ ಪಿಕ್ಚರುಗಳಲ್ಲಿ ಕಾಫಿ ಕುಡಿಯೋರು ಕಾಣ್ತಾರೆ. ಕುಯ್ಯೋರು ಕಾಣೋದಿಲ್ಲ.

ಇದು ನಾನು ಪುಸ್ತಕ ಓದಿ ಕಂಡುಕೊಂಡ ಸತ್ಯವಲ್ಲ. ನಮ್ಮವ್ವ ತೋಟದ ಆಳು. ಒಂದು ವರ್ಷ ಹಣ್ಣು ಕುಯ್ಯೋ ಕಾಲದಲ್ಲಿ ಅವಳು ಕೆಲಸ ಮಾಡುತ್ತಿದ್ದ ತೋಟಕ್ಕೆ ಶೂಟಿಂಗಿನವರು ಬಂದರು. ಪಿಕ್ಚರಿನ ಹೆಸರು ಬೇಡ, ತೋಟದ ಹೆಸರೂ ಬೇಡ. ಬೆಳಗಿನ ಮಂಜು ಕರಗುವುದರೊಳಗೆ ಅವರಿಗೆ ಶಾಟ್ ಆಗಬೇಕಿತ್ತು. ಅವ್ವ ಮತ್ತೆ ಇನ್ನೂ ಆರೇಳು ಹೆಂಗಸರು ಚೀಲ ಕಟ್ಟಿಕೊಂಡು ಸಾಲಿನಲ್ಲಿ ಕುಯ್ಯುತ್ತಿದ್ದರು. ಒಬ್ಬ ಹುಡುಗ ಓಡಿಬಂದು "ಅಮ್ಮಾ, ಸ್ವಲ್ಪ ಆ ಕಡೆ ಹೋಗ್ರಮ್ಮಾ, ಫ್ರೇಮಿಗೆ ಬರ್ತೀರಾ" ಅಂದ. ಮರ್ಯಾದೆಯಿಂದಲೇ ಅಂದ, ಸುಳ್ಳು ಹೇಳಬಾರದು. ಇವರು ಗುಡ್ಡದ ಆ ಕಡೆಗೆ ಹೋಗಿ ಕೂತರು. ಮಧ್ಯಾಹ್ನದವರೆಗೆ ಕೂತರು. ಸಂಜೆ ರೈಟರು ಅರ್ಧ ದಿನದ ಹಾಜರಿ ಹಾಕಿದ. ರಾತ್ರಿ ಅವ್ವ ಒಲೆ ಮುಂದೆ ಕೂತು ಹೇಳಿದ್ದು ಇಷ್ಟೇ: "ನಾವ್ ಬಂದ್ರೆ ತೋಟ ಕೆಡ್ತದಂತೆ ಕಣ್ಲ ಮಗಾ."

ಗೆಳೆಯರೆ, ಅವತ್ತಿನಿಂದ ಯಾವ ಪಿಕ್ಚರು ನೋಡಿದರೂ ನನಗೆ ಒಂದೇ ಪ್ರಶ್ನೆ. ಈ ಕತೆಯಲ್ಲಿ ಕೆಲಸ ಯಾರು ಮಾಡುತ್ತಿದ್ದಾರೆ? ಅವರನ್ನು ಗುಡ್ಡದ ಆ ಕಡೆ ಕಳಿಸಿದ್ದಾರಾ, ಈ ಕಡೆ ಉಳಿಸಿಕೊಂಡಿದ್ದಾರಾ? ಈ ಪ್ರಶ್ನೆ ಇಟ್ಟುಕೊಂಡು ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತೇನೆ.

ಕೆಜಿಎಫ್. 2018ರ ಕಡೆಯಲ್ಲಿ ಮೊದಲ ಭಾಗ ಬಂತು, 2022ರಲ್ಲಿ ಎರಡನೆಯದು. ಅದನ್ನು ನೋಡಿ ಸೀಟಿ ಹೊಡೆದವರಲ್ಲಿ ನಾನೂ ಒಬ್ಬ. ಕನ್ನಡದ ಪಿಕ್ಚರು ಇಡೀ ದೇಶದಲ್ಲಿ ಓಡಿತು ಅನ್ನೋ ಹೆಮ್ಮೆ ನನಗೂ ಇದೆ. ಅದರಲ್ಲಿ ಕೆಲಸ ಮಾಡುವವರು ಕಾಣುತ್ತಾರಾ? ಕಾಣುತ್ತಾರೆ, ಸಾವಿರಾರು ಜನ. ಮೈಯೆಲ್ಲ ಮಸಿ, ಬಗ್ಗಿದ ಬೆನ್ನು. ಆದರೆ ಅವರು ಕಾಯುತ್ತಿದ್ದಾರೆ. ಒಬ್ಬ ಬರಬೇಕು, ಒಬ್ಬನೇ ಹೊಡೆಯಬೇಕು, ಇವರು ಅವನ ಹೆಸರು ಕೂಗಬೇಕು.

ಈಗ ನಿಜವಾದ ಕೋಲಾರ ಚಿನ್ನದ ಗಣಿಯ ಕತೆ ಕೇಳಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ದಲಿತರು. ಅವರು ಯಾರಿಗೂ ಕಾಯುತ್ತ ಕೂರಲಿಲ್ಲ. 20ನೇ ಶತಮಾನದ ಮೊದಲ ವರ್ಷಗಳಲ್ಲೇ ಅಲ್ಲಿ ಬೌದ್ಧ ಸಂಘ ಕಟ್ಟಿಕೊಂಡರು. ಅಯೋತಿ ದಾಸರ ವಿಚಾರಗಳು ಅಲ್ಲಿ ಬೇರುಬಿಟ್ಟವು. 1930ರಲ್ಲಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿ ಕಂಪನಿಯನ್ನು ನಡುಗಿಸಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರಾದರು. ಇಷ್ಟು ದೊಡ್ಡ ಕತೆ ಆ ಮಣ್ಣಿನಲ್ಲಿ ಇದ್ದಾಗ ಪಿಕ್ಚರು ತೆಗೆದುಕೊಂಡದ್ದು ಊರಿನ ಹೆಸರೊಂದನ್ನೇ. ಕಟ್ಟುಕತೆ ಕಟ್ಟುವ ಸ್ವಾತಂತ್ರ್ಯ ಯಾರಿಗೂ ಇದೆ, ಇರಲಿ. ಆದರೆ ಸಂಘ ಕಟ್ಟಿದ ಜನರನ್ನು ಬಾಯಿಲ್ಲದ ಗುಲಾಮರನ್ನಾಗಿ ತೋರಿಸಿದ್ದನ್ನು ನೋಡಿ ಸೀಟಿ ಹೊಡೆದೆನಲ್ಲ, ಆ ಸೀಟಿ ಈಗಲೂ ನನ್ನ ಕಿವಿಯಲ್ಲಿದೆ.

ಕಾಂತಾರ. 2022ರ ಸೆಪ್ಟೆಂಬರ್ ಕಡೆಯಲ್ಲಿ ಬಂತು. ಇದು ನಮಗೆ ಹತ್ತಿರದ ಪಿಕ್ಚರು. ಘಟ್ಟ ಇಳಿದರೆ ಅದೇ ಸೀಮೆ. ಕಾಡಂಚಿನ ಜನ, ಜಮೀನು ಕಸಿಯೋ ಧಣಿ, ಬೇಲಿ ಹಾಕೋ ಇಲಾಖೆ. ಕಡೇ ಇಪ್ಪತ್ತು ನಿಮಿಷ ನಾನೂ ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಇಲ್ಲಿ ಕೆಲಸದವರು ಫ್ರೇಮಿನ ನಡುವೆಯೇ ಇದ್ದಾರೆ, ಒಪ್ಪಿದೆ. ಆದರೆ ಭೂಮಿ ಅವರಿಗೆ ಹೇಗೆ ಸಿಕ್ಕಿತು? ರಾಜ ಕೊಟ್ಟ, ದೈವ ಕಾಯಿತು. ನಮ್ಮ ಕಡೆ ಭೂಮಿ ಸಿಗೋದು ಹೇಗೆ ಅಂತ ನಿಮ್ಮ ಅಪ್ಪಂದಿರನ್ನು ಕೇಳಿ. ಫಾರಂ 50, ಫಾರಂ 53, ಫಾರಂ 57. ನಮ್ಮಪ್ಪ ಹಾಕಿದ ಅರ್ಜಿಯ ಜೆರಾಕ್ಸು ಟ್ರಂಕಿನಲ್ಲಿ ಹಳದಿಗಟ್ಟಿ ಕೂತಿದೆ. ಅದೇ 2022ರಲ್ಲಿ, ಒತ್ತುವರಿಯಾದ ಸರ್ಕಾರಿ ಭೂಮಿಯನ್ನು 25 ಎಕರೆಯವರೆಗೆ 30 ವರ್ಷಕ್ಕೆ ತೋಟದ ಬೆಳೆಗಾರರಿಗೇ ಗುತ್ತಿಗೆ ಕೊಡುವ ತಿದ್ದುಪಡಿಯನ್ನು ನಮ್ಮ ಶಾಸನಸಭೆ ಒಪ್ಪಿತು. ನಾವು ಥಿಯೇಟರಿನಲ್ಲಿ ದೈವದ ಕೂಗಿಗೆ ಮೈಮರೆತಿದ್ದ ಚಳಿಗಾಲವೇ ಅದು. ಯಾವ ದೈವವೂ ಕೂಗಲಿಲ್ಲ, ನಾವೂ ಕೂಗಲಿಲ್ಲ.

ದೊಡ್ಡ ಪಿಕ್ಚರಿನಲ್ಲಿ ಇದನ್ನೆಲ್ಲ ಹೇಳೋಕಾಗಲ್ಲ ಅಂತ ನಿನ್ನೆ ಒಬ್ಬರು ವಾದಿಸಿದರು. ಆಗುತ್ತದೆ. 2023ರ ಕೊನೆಯಲ್ಲಿ ಕಾಟೇರ ಬಂತು. ಉಳುವವನೇ ಹೊಲದೊಡೆಯ ಅನ್ನೋ ಕಾನೂನಿನ ಕಾಲದ ಕತೆಯನ್ನು ದೊಡ್ಡ ಹೀರೋ ಇಟ್ಟುಕೊಂಡೇ ಹೇಳಿತು. ಹೊಡೆದಾಟ ಅಲ್ಲೂ ಬೇಕಾದಷ್ಟಿದೆ. ಆದರೂ ಗೇಣಿ, ಕಾನೂನು, ಮುಟ್ಟಬಾರದು ಅನ್ನೋ ಮಾತು, ಇವೆಲ್ಲ ಮುಂದಿನ ಸಾಲಿನವರ ಕಿವಿಗೂ ಬಿದ್ದವು. ನಮ್ಮ ಹತ್ತು ವರ್ಷದ ಲೆಕ್ಕದ ಆಚೆಗಿದೆ, ಹಾಗಾಗಿ ಓಟಿಗೆ ಬರುವುದಿಲ್ಲ.

ತಿಥಿ. ಇದಕ್ಕೆ ಓಟು ಹಾಕಿದ ಮೂರ್ನಾಲ್ಕು ಜನ ಯಾರೋ, ಅವರ ಕೈ ಕುಲುಕಬೇಕು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, 2016ರಲ್ಲಿ ನಮ್ಮ ಥಿಯೇಟರಿಗೆ ಬಂತು. ಮಂಡ್ಯ ಸೀಮೆಯ ಊರು, ಊರಿನ ಜನರೇ ಪಾತ್ರಧಾರಿಗಳು. ಈರೇಗೌಡರು ಬರೆದ ಮಾತು, ರಾಮ್ ರೆಡ್ಡಿ ನಿರ್ದೇಶನ. ಮಾತು ಹೀಗೂ ಇರಬಹುದಲ್ಲ ಅಂತ ಕನ್ನಡ ಪಿಕ್ಚರಿಗೇ ಕಿವಿ ತೆರೆಸಿದ ಕೆಲಸ ಅದು. ಗಡ್ಡಪ್ಪ ನನಗೆ ಬಹಳ ಇಷ್ಟ. ಮಗ ಜಮೀನಿಗಾಗಿ ಒದ್ದಾಡುತ್ತಾನೆ, ಸುಳ್ಳು ದಾಖಲೆ ಮಾಡಿಸುತ್ತಾನೆ. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ, ಕುರಿಗಾಹಿಗಳ ಜೊತೆ ಸೇರಿಕೊಳ್ಳುತ್ತಾನೆ.

ನಾನು ಎರಡನೇ ಸಲ ನೋಡುವಾಗ ಒಂದು ಮಾತು ಮುಳ್ಳಿನ ಹಾಗೆ ಚುಚ್ಚಿತು. ಬಿಟ್ಟು ಹೋಗೋಕೂ ಏನಾದರೂ ಇರಬೇಕಲ್ಲವೇ? ಗಡ್ಡಪ್ಪನ ಅಪ್ಪನ ಹೆಸರಿನಲ್ಲಿ ಪಹಣಿ ಇದೆ, ಅದಕ್ಕೇ ಗಡ್ಡಪ್ಪ ವಿರಾಗಿ ಆಗಬಹುದು. ನಮ್ಮಪ್ಪ ಎದ್ದು ಹೋದರೆ ಅದಕ್ಕೆ ವೈರಾಗ್ಯ ಅನ್ನಲ್ಲ, ಊರು ಬಿಟ್ಟ ಅಂತಾರೆ. ಅಷ್ಟು ತುಂಬಿದ ಊರಿನಲ್ಲಿ ಕೇರಿ ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಆ ಊರನ್ನು ಬಲ್ಲವರು ಆ ಊರನ್ನು ಪ್ರಾಮಾಣಿಕವಾಗಿ ತೋರಿಸಿದರು. ಕೇರಿಯನ್ನು ಬಲ್ಲವರು ಕೇರಿಯನ್ನು ತೋರಿಸಬೇಕು.

ನಿನ್ನೆ ರಾತ್ರಿ ಇಲ್ಲಿಗೆ ಬಂದಾಗ, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಒಬ್ಬ ಹುಡುಗ ಬಾಯಿಬಿಟ್ಟ. "ಅಲ್ಲ ಕಣಣ್ಣ, ದಿನಾ ನೋಡೋ ಕಷ್ಟಾನ ದುಡ್ಡು ಕೊಟ್ಟು ಯಾಕ್ ನೋಡ್ಬೇಕು? ಮೂರು ಗಂಟೆನಾದ್ರೂ ನಮ್ಮನ್ನ ಸುಖವಾಗಿ ಬಿಡಿ." ಇದು ಸಣ್ಣ ಪ್ರಶ್ನೆಯಲ್ಲ. ನನಗೆ ನಿದ್ದೆ ಬರದಿದ್ದದ್ದು ಇದರಿಂದಲೇ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. 2014ರ ಹರಿವು ನೋಡಿ, ಮಂಸೋರೆ ಅವರದ್ದು. ಸಂಚಾರಿ ವಿಜಯ್ ಮಾಡಿದ ಬಡ ರೈತ, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುತ್ತಾನೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಪ್ರಾಮಾಣಿಕ ಪಿಕ್ಚರು, ನೋಡಲೇಬೇಕು. ಇನ್ನೂ ಹಿಂದೆ ಹೋಗಿ. 1975ರ ಚೋಮನ ದುಡಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ದೇಶದ ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ, ಚೋಮನ ಪಾತ್ರ ಮಾಡಿದ ವಾಸುದೇವ ರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಆ ಕತೆಯನ್ನು ನಮ್ಮ ಗುಡ್ಡದವರು ಸ್ವಂತದ್ದು ಅಂತ ಓದಬೇಕು. ಚೋಮನ ಸಾಲ ತೀರಿಸಲು ಮಕ್ಕಳು ಹೋಗುವುದು ಎಲ್ಲಿಗೆ? ಕಾಫಿ ತೋಟಕ್ಕೆ. ಬೆಳ್ಳಿಯ ಬಾಳು ಕೆಡುವುದು ಯಾರಿಂದ? ತೋಟದ ರೈಟರಿನಿಂದ, ಧಣಿಯಿಂದ. ಆಗಲೇ ಕ್ಯಾಮೆರಾ ನಮ್ಮನ್ನು ನೋಡಿತ್ತು, ಪ್ರೀತಿಯಿಂದಲೇ ನೋಡಿತ್ತು. ಆದರೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಬಡಿಯುತ್ತ ಸತ್ತ. ನಾವು ಸತ್ತ ಕಡೆಯಲ್ಲೇ ಪಿಕ್ಚರು ಮುಗಿಯುತ್ತದೆ, ನೋಡುವವರು ಕಣ್ಣೊರೆಸಿಕೊಳ್ಳುತ್ತಾರೆ, ಪ್ರಶಸ್ತಿ ಬರುತ್ತದೆ. ಕಂಬಳಿ ಹೊದ್ದ ಹುಡುಗ ಬೇಡ ಅಂದದ್ದು ಇದನ್ನು. ನಮ್ಮ ಕಷ್ಟ ಅವನಿಗೆ ಬೇಸರವಾಗಿಲ್ಲ. ನಮ್ಮ ಕಷ್ಟದ ಮೇಲೆ ಬೇರೆಯವರು ಕಣ್ಣೀರು ಹಾಕೋದು ಬೇಸರವಾಗಿದೆ.

ಅದಕ್ಕೇ ನನ್ನ ಓಟು ಫಾಂಡ್ರಿಗೆ.

2013ರದು. ನಿರ್ದೇಶಕ ನಾಗರಾಜ ಮಂಜುಳೆ, ಸೊಲ್ಲಾಪುರ ಜಿಲ್ಲೆಯ ಜೇವೂರಿನವರು, ಕಲ್ಲು ಒಡೆಯುವ ವಡಾರ ಸಮುದಾಯದವರು. ನಮ್ಮ ಕಡೆ ಭೋವಿಗಳು ಅಂತೀವಲ್ಲ, ಅವರೇ. ಜಬ್ಯಾ ಅನ್ನೋ ಹುಡುಗ. ಓದುತ್ತಾನೆ, ಮೇಲ್ಜಾತಿಯ ಹುಡುಗಿಯ ಮೇಲೆ ಆಸೆಪಡುತ್ತಾನೆ. ಊರಿಗೆ ಹಂದಿ ನುಗ್ಗಿದರೆ ಹಿಡಿಯಬೇಕಾದದ್ದು ಅವನ ಮನೆಯವರು. ಇಡೀ ಊರು ನಿಂತು ನೋಡುತ್ತದೆ, ನಗುತ್ತದೆ, ಆ ಹುಡುಗಿಯೂ ನೋಡುತ್ತಾಳೆ. ಹಂದಿ ಹಿಡಿಯುವ ಹೊತ್ತಿಗೆ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಮನೆಮಂದಿಯೆಲ್ಲ ನಿಂತಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಆಮೇಲೆ ಸತ್ತ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ಹೋಗುವಾಗ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ, ಫುಲೆ ದಂಪತಿಗಳ ಚಿತ್ರ. ಯಾರೂ ಭಾಷಣ ಮಾಡುವುದಿಲ್ಲ. ಕಡೆಗೆ ಜಬ್ಯಾ ಕಲ್ಲು ತೆಗೆದುಕೊಂಡು ಎಸೆಯುತ್ತಾನೆ. ಕಲ್ಲು ನೇರವಾಗಿ ಕ್ಯಾಮೆರಾದ ಕಡೆಗೆ, ಅಂದರೆ ನೋಡುತ್ತ ಕೂತ ನಮ್ಮ ಮುಖಕ್ಕೇ ಬರುತ್ತದೆ. ಅಲ್ಲಿಗೆ ಮುಗಿಯಿತು. ಚೋಮ ಬಾಗಿಲು ಹಾಕಿಕೊಂಡ, ಜಬ್ಯಾ ಕಲ್ಲು ಬೀಸಿದ. ಇವೆರಡರ ನಡುವೆ 38 ವರ್ಷ. ಈ ನಡುವೆ ಆದದ್ದು ಇಷ್ಟು: ನೋಡಿಸಿಕೊಳ್ಳುತ್ತಿದ್ದವನ ಮಗ ಕ್ಯಾಮೆರಾದ ಹಿಂದಕ್ಕೆ ಹೋಗಿ ನಿಂತ.

ಇದನ್ನು ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದೆ. ಅವಳಿಗೆ ಮರಾಠಿ ಬಾರದು. ಹಂದಿ ಹಿಡಿಯುವಾಗ ಊರಿನವರು ನಗುವುದನ್ನು ನೋಡಿ, "ನಗ್ತಾ ಕೂತವ್ರಲ್ಲ, ಆ ಮಖಗಳು ನಂಗೊತ್ತು ಕಣ್ಲ" ಅಂದಳು. ನಾನು ಬಿ.ಎ. ಓದಿ ವಿಮರ್ಶೆ ಕಲಿತವನು. ಇಷ್ಟು ಸರಿಯಾದ ವಿಮರ್ಶೆ ನನ್ನಿಂದ ಬರೆಯಲಾಗಿಲ್ಲ.

ಪರಿಯೇರುಂ ಪೆರುಮಾಳ್‌ಗೆ ನೀವು ಓಟು ಹಾಕಿದ್ದು ಯಾಕೆ ಅಂತ ನನಗೆ ಗೊತ್ತು. 2018ರದು, ಮಾರಿ ಸೆಲ್ವರಾಜ್ ನಿರ್ದೇಶನ, ಪಾ. ರಂಜಿತ್ ನಿರ್ಮಾಣ. ಹಳ್ಳಿಯಿಂದ ಲಾ ಕಾಲೇಜಿಗೆ ಬಂದ ಹುಡುಗ. ಕ್ಲಾಸಿನಲ್ಲಿ ಇಂಗ್ಲಿಷು ತಲೆಗೆ ಹತ್ತುವುದಿಲ್ಲ, ಎಲ್ಲರೂ ನಗುತ್ತಾರೆ. ಇದು ಈ ಕೋಣೆಯಲ್ಲಿ ಕೂತ ಎಲ್ಲರ ಕತೆ. ಅವನನ್ನು ಹೊಡೆಯುತ್ತಾರೆ, ಹೇಳಬಾರದ ಅವಮಾನ ಮಾಡುತ್ತಾರೆ, ಅವನ ಕರಿನಾಯಿಯನ್ನು ರೈಲು ಹಳಿಗೆ ಕಟ್ಟಿ ಕೊಲ್ಲುತ್ತಾರೆ. ಆದರೂ ಅವನು ಸಾಯುವುದಿಲ್ಲ, ಓದು ಬಿಡುವುದಿಲ್ಲ. ಕಡೆಗೆ ಎರಡು ಟೀ ಲೋಟ, ನಡುವೆ ಒಂದು ಹೂವು. ಒಂದರಲ್ಲಿ ಹಾಲಿನ ಟೀ, ಇನ್ನೊಂದರಲ್ಲಿ ಕರಿ ಟೀ. ಲೋಟದ ಭಾಷೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲುಗಳಲ್ಲಿ ನಮ್ಮ ತಾತಂದಿರಿಗೆ ಬೇರೆ ಲೋಟ ಇರುತ್ತಿತ್ತು. ಅಲ್ಲಿ ಎರಡೂ ಒಂದೇ ಬೆಂಚಿನ ಮೇಲಿವೆ. ಮುಂದೆ ಏನು ಅಂತ ಪಿಕ್ಚರು ಹೇಳದೆ ನಮ್ಮ ಕೈಗೆ ಬಿಡುತ್ತದೆ. ಇದು ಪಟ್ಟಿಯ ತಲೆಗೆ ಹೋದರೂ ನನ್ನ ತಕರಾರಿಲ್ಲ.

ಆದರೆ ಇವತ್ತು ಬೆಳಿಗ್ಗೆ, ಸಭೆ ಶುರುವಾಗುವ ಮುಂಚೆ, ಹುಡುಗಿಯರ ಹಾಸ್ಟೆಲಿನಿಂದ ಬಂದ ಒಬ್ಬ ತಂಗಿ ಬಾಗಿಲ ಹಿಂದಿನ ಪಟ್ಟಿಯನ್ನು ಪೂರ್ತಿ ಓದಿದಳು. ಓದಿ ಕೇಳಿದಳು. "ಅಣ್ಣ, ಇಷ್ಟ್ರಲ್ಲಿ ಒಂದ್ರಲ್ಲಾದ್ರೂ ನನ್ನಂಥೋಳು ಪುಸ್ತಕ ಹಿಡ್ಕೊಂಡ್ ಕೂತವ್ಳಾ?" ನನ್ನ ಬಾಯಿ ಕಟ್ಟಿಹೋಯಿತು. ಜಬ್ಯಾನ ಶಾಲೆಯಲ್ಲಿ ಓದುವವಳು ಮೇಲ್ಜಾತಿಯವಳು. ಪರಿಯನ ಕಾಲೇಜಿನಲ್ಲೂ ಹಾಗೇ. ಸೈರಾಟಿನ ಆರ್ಚಿ ಬುಲೆಟ್ ಓಡಿಸುತ್ತಾಳೆ, ಅವಳು ಪಾಟೀಲರ ಮನೆಯವಳು. ನಮ್ಮ ಹೆಣ್ಣುಮಕ್ಕಳು ಬೆಳ್ಳಿಯ ಹಾಗೆ ತೋಟಕ್ಕೆ ಹೋಗಿ ಬಾಳು ಕೆಡಿಸಿಕೊಂಡು ಬರಬೇಕು, ಇಲ್ಲವೆ ಒಲೆ ಮುಂದೆ ಕೂರಬೇಕು. ಕಾಫಿ ಕುಯ್ಯೋರು ಎಲ್ಲಿ ಅಂತ ಇಷ್ಟು ಹೊತ್ತು ಗಟ್ಟಿಯಾಗಿ ಕೇಳಿದ ನಾನು ಈ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ನನ್ನ ಫ್ರೇಮಿನಿಂದಲೂ ಯಾರನ್ನೋ ಗುಡ್ಡದ ಆ ಕಡೆ ಕಳಿಸಿದ್ದೆ. ಆ ತಂಗಿ ಇಲ್ಲೇ ಕೂತಿದ್ದಾಳೆ. ಅವಳ ಮುಂದೆ ಒಪ್ಪಿಕೊಳ್ಳುತ್ತೇನೆ.

ಕನ್ನಡದಲ್ಲಿ ಯಾಕೆ ಒಬ್ಬ ಮಂಜುಳೆ, ಒಬ್ಬ ಮಾರಿ ಸೆಲ್ವರಾಜ್ ಆ ಎತ್ತರಕ್ಕೆ ಬರಲಿಲ್ಲ? ನಮ್ಮಲ್ಲಿ ಮಾತಿಗೆ ಬರವಿರಲಿಲ್ಲ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಬಂದ ಮೇಲೆ ಕನ್ನಡ ಸಾಹಿತ್ಯ ಮೊದಲಿನ ಹಾಗೆ ಉಳಿಯಲಿಲ್ಲ. 1983ರಲ್ಲಿ ಪುಟ್ಟಣ್ಣನವರ ಧರಣಿ ಮಂಡಲ ಮಧ್ಯದೊಳಗೆ ಚಿತ್ರಕ್ಕೆ ಸಿದ್ಧಲಿಂಗಯ್ಯನವರು ಹಾಡು ಬರೆದರು. ಹಾಡು ಒಳಗೆ ಹೋಯಿತು, ಆದರೆ ಕ್ಯಾಮೆರಾ ನಮ್ಮ ಕೈಗೆ ಬರಲಿಲ್ಲ. ಕವಿತೆಗೆ ಒಂದು ಪೆನ್ನು ಸಾಕು. ಈ ಪತ್ರಿಕೆಗೆ ಒಂದು ರೀಮು ಕಾಗದ, ಒಂದಿಷ್ಟು ಮಸಿ ಸಾಕು. ಪಿಕ್ಚರಿಗೆ ಕೋಟಿ ಬೇಕು, ಕೋಟಿ ಇರುವವರ ಪರಿಚಯ ಬೇಕು, ಥಿಯೇಟರು ಬೇಕು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ ಅಂತ ಹೇಳಿ ನಾನು ನಿಮಗೆ ಸುಳ್ಳು ಧೈರ್ಯ ಕೊಡುವುದಿಲ್ಲ. ಮೊಬೈಲು ಇದ್ದ ಮಾತ್ರಕ್ಕೆ ಪಿಕ್ಚರು ಆಗುವುದಿಲ್ಲ. ಆದರೆ ನೋಡುವುದನ್ನು ಇವತ್ತೇ ಕಲಿಯಬಹುದು, ಅದಕ್ಕೆ ಕಾಸು ಬೇಕಿಲ್ಲ.

ರಜಕ್ಕೆ ಊರಿಗೆ ಹೋಗುತ್ತೀರಿ. ಒಂದು ದಿನ ನಿಮ್ಮವ್ವನ ಜೊತೆ ಕೆಲಸಕ್ಕೆ ಹೋಗಿ. ಚೀಲ ಕಟ್ಟುವುದರಿಂದ ಹಿಡಿದು ಸಂಜೆ ಕಣದಲ್ಲಿ ಹಣ್ಣು ಅಳೆದು ರೈಟರು ಬರೆದುಕೊಳ್ಳುವವರೆಗೆ ಅವಳನ್ನು ಮೊಬೈಲಿನಲ್ಲಿ ತೆಗೆಯಿರಿ. ಹಾಡು ಹಾಕಬೇಡಿ, ಅಳಿಸಬೇಡಿ. ಮೊದಲು ಅವಳನ್ನು ಕೇಳಿ, ಒಪ್ಪಿದರೆ ಮಾತ್ರ ತೆಗೆಯಿರಿ. ತೆಗೆದ ಮೇಲೆ ಮೊದಲು ಅವಳಿಗೇ ತೋರಿಸಿ. ಆಮೇಲೆ ಇಲ್ಲಿಗೆ ತನ್ನಿ, ಗೋಡೆಗೆ ಪಂಚೆ ಕಟ್ಟಿ ನೋಡೋಣ.

ಬಾಗಿಲ ಹಿಂದಿನ ಪಟ್ಟಿಯನ್ನು ಅಳಿಸಬೇಡಿ. ವಾರ್ಡನ್ನರು ಬೈದರೆ ನನ್ನ ಹೆಸರು ಹೇಳಿ. ಕೆಜಿಎಫ್ ಮೇಲೇ ಇರಲಿ, ನೀವು ಓಟು ಹಾಕಿದ್ದೀರಿ. ಕೆಳಗಡೆ ಒಂದು ಸಾಲು ಖಾಲಿ ಬಿಟ್ಟು, ಆ ತಂಗಿಯ ಪ್ರಶ್ನೆಯನ್ನು ಅವಳ ಕೈಯಿಂದಲೇ ಬರೆಸಿ.

ಜೈಭೀಮ್.